ಅಂಗೈಯಲ್ಲಿ ಅವ್ವನ ಇಷ್ಟಲಿಂಗ

ದೆವ್ವ, ಮಾಟ, ಸತ್ತವರು ಕನಸಿನಲ್ಲಿ ಬಂದು ಹೇಳಿದ ಭವಿಷ್ಯ, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಕ್ಕು ಎದ್ದುಬಿಡುವವಳು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾನಿರುವುದು ಬೆಳಗಾವಿಯ ಖಾಸಬಾಗದಲ್ಲಿ, ಅವ್ವ ಇರುವುದು ಖಾನಾಪುರದಲ್ಲಿ ನನ್ನ ತಮ್ಮನ ಜೊತೆ. ಕೆಲ ಕಾಲದ ಹಿಂದೆ ಅವಳಿಗೆ ಹತ್ತಿದ ಕೆಮ್ಮು ಬಿಡಲೇ ಇಲ್ಲ. ಸ್ಕ್ಯಾನ್ ಮಾಡಿಸಿದಾಗ ಬಲ ಶ್ವಾಸಕೋಶದ ಅಂಚಿನಲ್ಲಿ ಹುಣಸೆಬೀಜದಷ್ಟು ಗಂಟು ಕಂಡಿತು. ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು, ಚೂರು ತೆಗೆದು ಪರೀಕ್ಷಿಸದೆ ಹೇಳಲಾಗದು ಎಂದರು ಡಾಕ್ಟರು. ಅಪ್ಪನನ್ನು ಒಯ್ದದ್ದು ಇದೇ ರೋಗ. ಅಂದಿನಿಂದ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುವುದಿಲ್ಲ. ಅವ್ವನಿಗೆ ‘ಕಫದ ಗಂಟು’ ಎಂದಷ್ಟೇ ಹೇಳಿದೆವು.

ಗಂಟು ಇದ್ದ ಜಾಗವೂ ಕಷ್ಟದ್ದು. ಪಕ್ಕೆಯಿಂದ ಸೂಜಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳುವ ಭಯ, ಹಳೆಯ ನಮೂನೆಯ ನಳಿಕೆ ಅಷ್ಟು ಒಳಗೆ ಹೋಗದು. ಬೆಳಗಾವಿಯ ಒಂದು ಆಸ್ಪತ್ರೆಗೆ ಆಗಷ್ಟೇ ರೋಬೋಟ್ ಯಂತ್ರ ಬಂದಿತ್ತು. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯಿಂದ ತೆಳು ನಳಿಕೆ ಇಳಿಸಿ, ಸ್ಕ್ಯಾನಿನಿಂದ ತಯಾರಿಸಿದ ನಕಾಶೆ ನೋಡುತ್ತ ಉಸಿರಿನ ಕವಲುಗಳಲ್ಲಿ ಅದನ್ನು ನಡೆಸಿಕೊಂಡು ಹೋಗಿ ಗಂಟಿನ ಚೂರು ತರುತ್ತಾರೆ. ಡಾಕ್ಟರು ಅವ್ವನಿಗೆ ಅವಳ ಭಾಷೆಯಲ್ಲೇ ತಿಳಿಸಿದರು.

“ಖಾನಾಪುರದಿಂದ ಜಾಂಬೋಟಿತನಕ ಡಾಂಬರ್ ರಸ್ತೆ, ಆಮ್ಯಾಲ ಅಡವ್ಯಾಗ ಕಾಲುದಾರಿ, ಹೌದಲ್ರೀ ಅವ್ವಾರ? ನಿಮ್ಮ ಗಂಟು ಕಾಲುದಾರಿ ತುದೀಗೆ ಐತಿ.”

“ನಿಮ್ಮ ಯಂತ್ರ ದಾರಿ ತಪ್ಪಿದ್ರ?”

“ದಾರಿ ಹಿಡಿಸಾಂವ ನಾನರೀ. ಕೈ ನಡುಗದಂಗ ಯಂತ್ರ ನೋಡ್ಕೊಂತೈತಿ.”

ಅವ್ವ ಒಪ್ಪಿದಳು. ತಕರಾರು ಹುಟ್ಟಿದ್ದು ಪರೀಕ್ಷೆಯ ದಿನ. ಬಳೆ, ಬೆಂಡೋಲೆ, ಕೊರಳಿನ ಬೆಳ್ಳಿ ಕರಡಿಗೆ ಎಲ್ಲ ತೆಗೆಯಬೇಕು ಎಂದಳು ನರ್ಸ್. ಕರಡಿಗೆಯೊಳಗೆ ಇಷ್ಟಲಿಂಗ. ಅದು ಮೈಮೇಲಿಂದ ಇಳಿಯಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ನಾನು ನನ್ನದನ್ನು ಎಂದೋ ದೇವರ ಜಗಲಿಗೆ ಸೇರಿಸಿದ್ದೇನೆ, ಅವ್ವ ಮಾತ್ರ ಸ್ನಾನದಲ್ಲೂ ತೆಗೆದವಳಲ್ಲ. ಕೊನೆಗೆ ಕರಡಿಗೆ ತೆರೆದು ಲಿಂಗವನ್ನು ನನ್ನ ಎಡ ಅಂಗೈಯಲ್ಲಿ ಇಟ್ಟಳು.

“ಪರ್ಸಿನ್ಯಾಗ ಹಾಕಬ್ಯಾಡ, ಎಲ್ಲೂ ಕೆಳಗ ಇಡಬ್ಯಾಡ. ನಾ ಹೊರಗ ಬರೂತನಕ ಅಂಗೈ ಮ್ಯಾಲ ಇರಲಿ. ಅದು ನಿನ್ನ ಕೈಯಾಗಿದ್ರ ನಾನ ನಿನ್ನ ಕೈಯಾಗಿದ್ದಂಗ.”

ಅವಳನ್ನು ಒಳಗೆ ಕರೆದೊಯ್ದರು. ಜೊತೆಗೆ ಬಂದಿದ್ದ ನನ್ನ ತಮ್ಮ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತ. ಅಂಗೈ ಚಾಚಿ ಕೂತ ನನ್ನನ್ನು ಜನ ನೋಡತೊಡಗಿದರು, ಸೆರಗು ಮುಚ್ಚಿಕೊಂಡೆ. ಕೂತಂತೆ ಕೂತಂತೆ ಅಪ್ಪನ ಕೊನೆಯ ತಿಂಗಳುಗಳು ಕಣ್ಣಿಗೆ ಕಟ್ಟಿದವು. ಅಳು ತಡೆಯಲಾಗಲಿಲ್ಲ. ತಮ್ಮನಿಗೆ ಕಾಣಿಸಬಾರದೆಂದು ಮೆಟ್ಟಿಲಿಳಿದು ಆಸ್ಪತ್ರೆಯ ಹಿಂದುಗಡೆ ಹೋದೆ. ಜನರೇಟರ್ ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಲೆ ಬಗ್ಗಿಸಿ ಮನಸಾರೆ ಅತ್ತೆ. ಕಣ್ಣೀರು ಲಿಂಗದ ಮೇಲೆ ಬಿತ್ತು. ಗಾಬರಿಯಾಗಿ ಸೆರಗಿನಿಂದ ತಿಕ್ಕಿ ಒರೆಸಿದೆ. ಅಂದು ಉಟ್ಟಿದ್ದು ಗಂಜಿ ಹಾಕಿದ ಕಾಟನ್ ಸೀರೆ, ರಟ್ಟಿನಷ್ಟು ಬಿರುಸು. ಮುಖ ತೊಳೆದು ಮೇಲೆ ಬಂದೆ. ಎಲ್ಲಿ ಹೋಗಿದ್ದಿ ಎಂದು ತಮ್ಮ ಕೇಳಿದ್ದಕ್ಕೆ ಚಹಾಕ್ಕೆ ಎಂದೆ.

ಡಾಕ್ಟರು ಹೊರಬಂದು, ಗಂಟಿನತನಕ ಮುಟ್ಟಿದೆವು, ಚೂರು ಸಿಕ್ಕಿದೆ, ರಕ್ತಸ್ರಾವ ಇಲ್ಲ ಎಂದರು. ಅವ್ವ ಎಚ್ಚರಗೊಳ್ಳುತ್ತಿದ್ದಾಗ ನನ್ನನ್ನು ಒಳಗೆ ಬಿಟ್ಟರು. ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕುತ್ತಿದ್ದೆ. ಅವಳು ಅರೆಗಣ್ಣು ತೆರೆದು, ಒಡೆದ ದನಿಯಲ್ಲಿ, “ಯಾಕ ಅತ್ತಿ?” ಎಂದಳು.

“ಯಾರು ಅತ್ತಾರ?” ಎಂದೆ.

“ಹಣಿಮ್ಯಾಲ ಬಿಸಿನೀರು ಬಿತ್ತಲ್ಲ. ಒರಸೂದಾದ್ರ ಮೆತ್ತಗ ಒರಸಬೇಕು. ನಿನ್ನ ಗಂಜಿ ಸೆರಗು ಚುಚ್ಚತೈತಿ.”

ಅಷ್ಟು ಹೇಳಿ ಮತ್ತೆ ನಿದ್ದೆಹೋದಳು. ಖರೇ ಹೇಳುತ್ತೇನೆ, ಹೆದರಿದೆ.

ಲಿಂಗದ ಸಂಗತಿ ಮರೆಮಾಚಿ ಅರಿವಳಿಕೆಯ ಡಾಕ್ಟರನ್ನು ಕೇಳಿ ನೋಡಿದೆ. ಒಳಗೆ ಯಾರೋ ಬಟ್ಟೆಯಿಂದ ಮುಖ ಒರೆಸಿರಬಹುದು, ಎಚ್ಚರವಾಗುವಾಗ ಮಿದುಳು ಏನೇನನ್ನೋ ಜೋಡಿಸುತ್ತದೆ ಎಂದರು. ಇರಬಹುದು. ನನ್ನ ಸೀರೆಯನ್ನು ಅವಳು ಬೆಳಿಗ್ಗೆ ನೋಡಿದ್ದಳು. ನನ್ನ ಕಣ್ಣೂ ಕೆಂಪಾಗಿತ್ತೇನೋ. ಮಗಳು ಅತ್ತಿದ್ದಾಳೆಂದು ತಿಳಿಯಲು ತಾಯಿಗೆ ಯಾವ ಯಂತ್ರವೂ ಬೇಕಿಲ್ಲ. ಇದನ್ನೇ ಬೇರೆಯವರು ಬಂದು ಹೇಳಿದ್ದರೆ ನಾನು ಇಷ್ಟು ಹೇಳಿ ಮುಗಿಸುತ್ತಿದ್ದೆ. ಆದರೆ ಜನರೇಟರಿನ ಬಳಿ ನಿಂತಿದ್ದವಳು ನಾನು, ತಿಕ್ಕಿದ ಕೈಯೂ ನನ್ನದೇ. ಅದಕ್ಕೇ ನನಗೆ ಸಮಾಧಾನವಾಗಲಿಲ್ಲ.

ವರದಿ ಬಂತು. ಕ್ಯಾನ್ಸರ್ ಅಲ್ಲ, ಕ್ಷಯದ ಗಂಟು, ಗುಳಿಗೆಯಿಂದ ವಾಸಿಯಾಗುವಂಥದ್ದು. ಬಾಯಿ ಸಿಹಿಗೆಂದು ಕುಂದಾ ಕಟ್ಟಿಸಿಕೊಂಡು ಖಾನಾಪುರಕ್ಕೆ ಓಡಿದೆ. ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಆ ದಿನ ಆಡಿದ ಮಾತನ್ನು ನೆನಪಿಸಿದೆ. ಅವಳಿಗೆ ಏನೇನೂ ನೆನಪಿರಲಿಲ್ಲ.

“ನಾ ಹಂಗ ಅಂದ್ನಿ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನೀ ಖರೇನ ಅತ್ತಿದ್ದಿ?” ಎಂದಳು.

ಇನ್ನು ಮುಚ್ಚಿಡಲಾಗಲಿಲ್ಲ. ನಾವು ಯಾವುದಕ್ಕೆ ಹೆದರಿದ್ದೆವು, ಅವಳಿಂದ ಏನನ್ನು ಬಚ್ಚಿಟ್ಟಿದ್ದೆವು, ಎಲ್ಲ ಹೇಳಿದೆ. ಅವ್ವ ಮೊರವನ್ನು ಬಾಜು ಸರಿಸಿದಳು.

“ನನಗ ಹೇಳಬಾರದೇನವ್ವಾ? ಇಬ್ಬರೂ ಕೂಡಿ ಅಳತಿದ್ವಿ.”

ನಾನು ಅವಳ ಮಗ್ಗುಲಿಗೆ ಸರಿದು ಕೂತೆ. ಆಸ್ಪತ್ರೆಯಲ್ಲಿ ಅವಳು ಆಡಿದ ಮಾತಿಗೆ ಮಾತ್ರ ಇಲ್ಲಿಯತನಕ ನನಗೆ ವಿವರಣೆ ಸಿಕ್ಕಿಲ್ಲ.