ಹವಳಕ್ಕೆ ಮಣೆ ಹಾಕಿದ ಮಾವ

ನಮ್ಮ ಮಾವನವರಿಗೆ ಮುಂದಿನ ಎರಡು ಹಲ್ಲುಗಳಿರಲಿಲ್ಲ. ಎಮ್ಮೆದೊಡ್ಡಿ ಕಡೆಯಿಂದ ತಂದ ಹೋರಿಯೊಂದು ತಲೆ ಕೊಡವಿದಾಗ ಉದುರಿದ್ದವಂತೆ. ಹಾಗಾಗಿ ನನ್ನೆದುರು ಮಾತಾಡುವಾಗೆಲ್ಲ ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಗು ಬಂದರಂತೂ ಇಡೀ ಟವೆಲ್ಲೇ ಮುಖದ ಮೇಲೆ. ಊರವರ ಮುಂದೆ ಬಾಯ್ತುಂಬ ನಗುವ ಮನುಷ್ಯ ಅಳಿಯನ ಎದುರಿಗೆ ಬಂದ ಕೂಡಲೇ ಹೊಸ ಮದುವಣಗಿತ್ತಿಯ ಹಾಗೆ ಆಗಿಬಿಡುತ್ತಿದ್ದರು. “ಹಲ್ಲು ಕಟ್ಟಿಸ್ಕೊಳ್ಳಿ ಮಾವ” ಅಂದರೆ, “ಇನ್ಯಾರಿಗ್ ತೋರಿಸ್ಬೇಕು ಬಿಡಿ ಅಳಿಯಂದ್ರೆ” ಎಂದು ಟವೆಲ್ಲಿನ ಹಿಂದಿನಿಂದಲೇ ಉತ್ತರ ಬರುತ್ತಿತ್ತು.

ಅವರದು ಅಜ್ಜಂಪುರದ ಪಕ್ಕದ ಹಳ್ಳಿ. ಈರುಳ್ಳಿ ಬೆಳೆಯುವ ಹೊಲ, ಮನೆ ಹಿಂದೆ ತೆಂಗು, ತೆಂಗಿನ ನಡುವೆ ಒಂದಿಷ್ಟು ಅಡಿಕೆ. ಮದುವೆಯ ದಿನ ನನ್ನ ಕಾಲು ತೊಳೆದವರು ಅವರು. ಅವರ ಲೆಕ್ಕದಲ್ಲಿ ಅವತ್ತಿನಿಂದ ನಾನೊಬ್ಬ ಸಣ್ಣ ದೇವರು. ನಿಜದಲ್ಲಿ ನಾನು ಕಡೂರಿನ ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಮಾಡಿಕೊಂಡಿರುವವನು. ಮಾವನವರು ಮಗಳ ಮನೆಗೆ ಬಂದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ, ರಾತ್ರಿ ಉಳಿಯುತ್ತಿರಲಿಲ್ಲ, ನಾನು ಕೂರದೆ ಕೂರುತ್ತಿರಲಿಲ್ಲ. ಎಷ್ಟೋ ಸಲ ಅವರು ಕೂರಲಿ ಎಂದೇ ನಾನು ಸುಮ್ಮನೆ ಕುರ್ಚಿಗೆ ಒರಗಿದ್ದುಂಟು.

ಈ ಸಣ್ಣ ದೇವರಿಗೆ ಒಂದು ದೊಡ್ಡ ಹುಚ್ಚಿತ್ತು. ಸಮುದ್ರಕ್ಕೂ ಕಡೂರಿಗೂ ಯಾವ ಸಂಬಂಧವೂ ಇಲ್ಲ. ಆದರೂ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಯೊಂದರಲ್ಲಿ ಉಪ್ಪುನೀರು ತುಂಬಿ, ಅದರೊಳಗೆ ಹವಳ ಸಾಕುತ್ತಿದ್ದೆ. ಕಲ್ಲಿನಂಥ ಹವಳ ಇಟ್ಟುಕೊಳ್ಳುವುದಕ್ಕೆ ಕಾನೂನು ಬಿಡುವುದಿಲ್ಲ. ನನ್ನವು ಮೆತ್ತನೆಯ ಜಾತಿ, ಅಂಗಿಯ ಗುಂಡಿಯಷ್ಟೇ ಅಗಲ, ಹಸಿರು, ಕಿತ್ತಳೆ ಬಣ್ಣ. ಮಂಗಳೂರಿನ ಗೆಳೆಯನೊಬ್ಬ ತನ್ನ ತೊಟ್ಟಿಯಲ್ಲೇ ಬೆಳೆಸಿ ಕೊಟ್ಟಿದ್ದ. ಅವು ಬೆಳೆದಂತೆಲ್ಲ ಕತ್ತರಿಸಿ ಬೇರೆ ಬೇರೆ ಕೂರಿಸಬೇಕು. ಒಂದೊಂದು ತುಂಡಿನ ಅಡಿಗೂ ಒಂದು ಪುಟ್ಟ ಬಿಲ್ಲೆ ಬೇಕು. ಅಂಟು ಹಾಕಿ ಅದರ ಮೇಲೆ ನಿಲ್ಲಿಸದಿದ್ದರೆ ಪಂಪಿನ ನೀರಿನ ರಭಸಕ್ಕೆ ಎಲ್ಲೆಂದರಲ್ಲಿ ತೇಲಿ ಹೋಗಿ ಮೂಲೆಯಲ್ಲಿ ಕೊಳೆಯುತ್ತವೆ.

ಆ ಬಿಲ್ಲೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಆದರೆ ಬಿಲ್ಲೆಗಿಂತ ಅದನ್ನು ಕಳಿಸುವ ಖರ್ಚೇ ಜಾಸ್ತಿ. ಮೊಬೈಲಿನ ಒಡೆದ ಗಾಜು ಬದಲಿಸುವವನಿಗೆ ಅದು ಕೈಗೆಟುಕುವಂಥದ್ದಲ್ಲ. ನೆಲಕ್ಕೆ ಹಾಕುವ ಟೈಲ್ಸಿನ ಚೂರು ತಂದೆ. ಅದರ ನುಣುಪಿಗೆ ಅಂಟು ನಿಲ್ಲಲಿಲ್ಲ. ಹೆಂಚಿನ ಚೂರು ಹಾಕಿದೆ. ಒಂದೊಂದು ಒಂದೊಂದು ಆಕಾರ, ನೆಟ್ಟಗೆ ಕೂರಲಿಲ್ಲ. ಇದನ್ನೆಲ್ಲ ಹೆಂಡತಿಯ ಹತ್ತಿರ ಗೊಣಗುತ್ತಿದ್ದಾಗ ಮಾವನವರು ಅವರೆಕಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವರು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಸಮುದ್ರ ನೋಡಿದವರಲ್ಲ.

“ಇವು ಗಿಡವೋ, ಜೀವವೋ ಅಳಿಯಂದ್ರೆ?”

“ಜೀವವೇ ಮಾವ. ಆ ಗುಂಡಿಯಂಥವೆಲ್ಲ ಅವುಗಳ ಬಾಯಿ.”

“ಹಂಗಾದ್ರೆ ಕೂರಕ್ಕೊಂದು ಮಣೆ ಬ್ಯಾಡ್ವಾ? ನಾನ್ ನೋಡ್ತೀನಿ ಬಿಡಿ.”

ನೋಡಿದರು ಅಂದರೆ ನೋಡಿಯೇಬಿಟ್ಟರು. ಕಡೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರು, ಅಜ್ಜಂಪುರದಲ್ಲಿ ಕೇಳಿದರು. ತರೀಕೆರೆಯ ಟೈಲ್ಸ್ ಅಂಗಡಿಯಿಂದ ಅವರ ಫೋನ್ ಬಂತು. “ಹವಳಕ್ಕೆ ಮಣೆ ಅಂದ್ರೆ ಇಲ್ಲಿ ಹುಡುಗ್ರು ನಗ್ತಾವ್ರೆ ಕಣ್ರೀ. ಇಂಗ್ಲೀಷಲ್ಲಿ ಏನಂತಾರೆ ಹೇಳಿ, ಅವ್ರ ಕೈಗೇ ಫೋನ್ ಕೊಡ್ತೀನಿ.” ನನಗೆ ಮುಜುಗರವಾಯಿತು. ಬೇಡ ಬಿಡಿ ಮಾವ ಅಂದೆ. ಅವರು ಬಿಡಲಿಲ್ಲ. ಕೊನೆಗೆ ನೆಂಟರ ಮದುವೆಯೊಂದರಲ್ಲಿ, ಊಟವಾದ ಮೇಲೆ, ನೀರಿನ ಬಾಟಲಿಯ ಮುಚ್ಚಳಗಳನ್ನು ಆಯ್ದು ಜೇಬು ತುಂಬಿಸಿಕೊಂಡರಂತೆ. ಬೀಗರ ಕಡೆಯವರೆಲ್ಲ ನೋಡುತ್ತಿದ್ದರು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಆ ಮುಚ್ಚಳಗಳಲ್ಲಿ ಸಿಮೆಂಟು, ಮರಳು ಕಲಸಿ ಬಿಲ್ಲೆ ಎರೆದರು. ಸಿಮೆಂಟಿನ ಕ್ಷಾರ ಹೋಗುವ ತನಕ ನೀರು ಬದಲಾಯಿಸುತ್ತ ನೆನೆಹಾಕಿ ಎಂದು ನಾನೇ ಹೇಳಿದ್ದೆ. ದಿನವೂ ಬದಲಾಯಿಸಿದರು.

ತಂದ ದಿನ ಟವೆಲ್ ಗಂಟು ಬಿಚ್ಚಿ ನೆಲದ ಮೇಲೆ ಹರವಿದರು. ಎಲ್ಲ ಒಂದೇ ಅಳತೆ, ಅಂಚಿನಲ್ಲಿ ಮುಚ್ಚಳದ ಗೀರುಗಳು, ಮೇಲೆ ಒರಟು. ಅಂಗಡಿಯದಕ್ಕಿಂತ ಚೆನ್ನಾಗಿದ್ದವು. ಅವರೆದುರೇ ಎಲ್ಲ ತುಂಡುಗಳನ್ನೂ ಅಂಟಿಸಿ ಒಂದೊಂದಾಗಿ ನೀರಿಗೆ ಇಳಿಸಿದೆ. ಗಂಟು ಬಿಚ್ಚಿದ ಟವೆಲ್ ನೆಲದ ಮೇಲೆಯೇ ಇತ್ತು. ಅವರಿಗೆ ಅದು ನೆನಪಾಗಲಿಲ್ಲ. ಅಳಿಯನ ಮುಂದೆ, ಮೊದಲ ಸಲ, ಬಾಯಿ ತೆರೆದು ನಕ್ಕರು.

ವಾರ ಕಳೆಯುವುದರೊಳಗೆ ಹವಳಗಳು ಮುಚ್ಚಿಕೊಂಡವು. ಗಾಜಿಗೆ ಅಂಟಿರುತ್ತಿದ್ದ ಬಸವನಹುಳುಗಳು ಕೆಳಗೆ ಬಿದ್ದವು. ಇದ್ದ ಒಂದು ಸೀಗಡಿಯೂ ಸತ್ತಿತು. ಹವಳಗಳು ಕರಗಿ ಲೋಳೆಯಾಗತೊಡಗಿದವು. ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿದರೆ, “ಎಲ್ಲಿಂದಲೋ ತಾಮ್ರ ಬಿದ್ದಿದೆ, ಇವುಗಳಿಗೆ ಅದೇ ವಿಷ” ಎಂದ. ನಾನು ಮಾವನವರಿಗೆ ಫೋನ್ ಮಾಡಿ, ಬಿಲ್ಲೆ ಯಾವುದರಲ್ಲಿ ನೆನೆಹಾಕಿದ್ದಿರಿ ಎಂದು ಕೇಳಿದೆ.

“ಡ್ರಮ್ಮಲ್ಲಿ. ಅಡಿಕೆಗೆ ಔಷಧಿ ಕಲಸ್ತೀವಲ್ಲ, ಆ ನೀಲಿ ಡ್ರಮ್ಮು. ಚೆನ್ನಾಗಿ ತೊಳ್ದಿದ್ದೆ.”

ಅಡಿಕೆ ಬೆಳೆಯುವವರ ಮನೆಯಲ್ಲಿ ಅದಕ್ಕಿಂತ ದೊಡ್ಡ ಪಾತ್ರೆ ಇನ್ನೊಂದಿಲ್ಲ. ಅದರಲ್ಲಿ ಕಲಸುವ ಔಷಧಿಯೆಂದರೆ ಮೈಲುತುತ್ತ, ಸುಣ್ಣ. ಮೈಲುತುತ್ತವೆಂದರೆ ತಾಮ್ರ. ವರ್ಷಗಟ್ಟಲೆ ಡ್ರಮ್ಮಿನ ಒಳಮೈಗೆ ಮೆತ್ತಿಕೊಂಡದ್ದನ್ನು ಸಿಮೆಂಟು ಹೀರಿಕೊಂಡಿತ್ತು. ನಾನು ಆದಷ್ಟು ಹಗುರವಾಗಿ ಹೇಳಿದೆ. ಪರವಾಗಿಲ್ಲ ಮಾವ, ಗೊತ್ತಿಲ್ಲದೆ ಆದದ್ದು ಎಂದೆ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲಿನಾಚೆ ನಿಂತು, ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿದರು.

“ತಪ್ಪಾಯ್ತು ಅಳಿಯಂದ್ರೆ. ಜೀವ ಇರೋವು. ನನ್ ಕೈಯಾರೆ ಕೊಂದ್ಬಿಟ್ಟೆ.”

ತಂದೆಯ ವಯಸ್ಸಿನವರು ನನಗೆ ಕೈ ಮುಗಿಯುತ್ತಿದ್ದರು, ಬೀದಿಯಲ್ಲಿ ಹಾಲಿನವನು ನೋಡುತ್ತಿದ್ದ. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎಂದಾಯಿತು. ಕೈ ಹಿಡಿದು ಒಳಗೆ ಕರೆದೆ. “ಬತ್ತೀನಿ, ಬತ್ತೀನಿ” ಅನ್ನುತ್ತಲೇ ಹಿಂದೆ ಸರಿದು ಹೊರಟುಹೋದರು. ಹೆಂಡತಿ ಕಾಫಿ ಲೋಟ ಹಿಡಿದು ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಕಡೂರಿಗೆ ಬಂದರೆ ಮಗಳಿಗೆ ಫೋನ್ ಮಾಡಿ ಬಸ್ ಸ್ಟ್ಯಾಂಡಿಗೆ ಕರೆಸಿಕೊಳ್ಳುತ್ತಿದ್ದರು. ಈರುಳ್ಳಿ ಚೀಲ ಕೊಟ್ಟು, ಮೊಮ್ಮಗಳ ಕೆನ್ನೆ ಸವರಿ, ಬಂದ ಬಸ್ಸಿಗೇ ಹತ್ತಿ ಹೋಗುತ್ತಿದ್ದರು. ನಾನು ಎಷ್ಟು ಕರೆದರೂ ಅಷ್ಟೆ. ಹೊಸ ಬಕೆಟ್ಟಿನಲ್ಲಿ ಇನ್ನೊಂದು ಸಲ ಮಾಡಿಕೊಡಿ ಅಂದರೆ, “ನನ್ ಕೈ ಬ್ಯಾಡ ಬಿಡಿ” ಅಂದರು. ಒಂದು ದಿನ ಅಂಗಡಿಯಿಂದ ನೋಡುತ್ತೇನೆ, ಎದುರಿಗೇ ನಿಂತಿದ್ದಾರೆ. ನಾನು ತಲೆ ಎತ್ತಿದ್ದನ್ನು ಕಂಡವರೇ ನಿಂತ ಬಸ್ಸಿನ ಹಿಂದೆ ಸರಿದರು. ನಾನೂ ನೋಡದವನಂತೆ ಬಗ್ಗಿ ಮೊಬೈಲೊಂದರ ಸ್ಕ್ರೂ ಬಿಚ್ಚತೊಡಗಿದೆ. ಓಡಿಹೋಗಿ ಕರೆತರಬೇಕಿತ್ತು, ಅವರಿಗೆ ಇನ್ನಷ್ಟು ನಾಚಿಕೆಯಾದೀತೆಂದು ಹೆದರಿದೆ. ಮಾವ ಅಳಿಯ ಹೀಗೆ ಕಳ್ಳರ ಹಾಗೆ ಬದುಕುವುದು ನೋಡಿ ನನ್ನ ಹೆಂಡತಿಗೆ ರೇಗುತ್ತಿತ್ತು. ತೊಟ್ಟಿಯನ್ನು ನಾನು ಖಾಲಿ ಮಾಡಿದ್ದೆ. ಕಲ್ಲು, ಮರಳಿಗೆಲ್ಲ ತಾಮ್ರ ಹಿಡಿದಿತ್ತು, ಮತ್ತೆ ಶುರು ಮಾಡುವ ಚೈತನ್ಯ ಇರಲಿಲ್ಲ. ಖಾಲಿ ಯಾಕಿರಬೇಕೆಂದು ಅವಳು ಅದರಲ್ಲಿ ಈರುಳ್ಳಿ ಹಾಕಿಟ್ಟಳು.

ಹೀಗಿರುವಾಗ ಮಾವನವರಿಗೆ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಹೋಗಿ ಮಂಚದ ಪಕ್ಕ ಕೂತೆ. ಬಾಯಿಗೆ ಹಿಡಿಯಲು ಟವೆಲ್ ಹುಡುಕಾಡಿದರು, ಸಿಗಲಿಲ್ಲ, ಹೊದಿಕೆಯನ್ನೇ ಎಳೆದುಕೊಂಡರು.

“ಅವು ಮತ್ತೆ ಬಂದ್ವಾ ಅಳಿಯಂದ್ರೆ?”

“ಬಂದವು ಮಾವ. ಮೊದಲಿಗಿಂತ ಚೆನ್ನಾಗಿದಾವೆ. ತೊಟ್ಟಿ ತುಂಬಾ ಇದಾವೆ.”

ಬಾಯಿಂದ ಬಂದೇಹೋಯಿತು. ಹೆಂಡತಿ ನನ್ನ ಮುಖ ನೋಡಿದಳು. ಮಾವನವರು ಕಣ್ಣು ಮುಚ್ಚಿ ತಲೆಯಾಡಿಸಿದರು.

ಆಸ್ಪತ್ರೆಯಿಂದ ಬಿಟ್ಟ ದಿನ ಭಾಮೈದ ತರೀಕೆರೆಯಿಂದ ಫೋನ್ ಮಾಡಿದ. “ಭಾವ, ಅಪ್ಪಾಜಿ ಊರಿಗ್ ಬರಲ್ಲ ಅಂತಾವ್ರೆ. ಮೊದ್ಲು ಕಡೂರಿಗ್ ಹೋಗಿ ಅದ್ಯಾವ್ದೋ ಹವಳ ನೋಡ್ಕೊಂಡೇ ಹೋಗಾಣ ಅಂತ ಹಠ. ಬೀರೂರು ದಾರಿ ಹಿಡ್ದಿದೀವಿ.”

ಅಂಗಡಿಯ ಷಟರ್ ಎಳೆದು ಮನೆಗೆ ಓಡಿದೆ. ತೊಟ್ಟಿಯ ಈರುಳ್ಳಿಯನ್ನು ಬುಟ್ಟಿಗೆ ಹಾಕತೊಡಗಿದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ನೀರು ತುಂಬಿಸಿ, ಗೆಳೆಯ ಇವತ್ತಷ್ಟೇ ಎಲ್ಲ ಒಯ್ದ ಅನ್ನಲೇ?

“ಇನ್ನೊಂದ್ ಸುಳ್ಳು ಸೇರಿಸ್ಬ್ಯಾಡಿ. ಬಿಟ್ಬಿಡಿ, ನೋಡ್ಲಿ,” ಅಂದಳು ಹೆಂಡತಿ.

ಈರುಳ್ಳಿ ಅರ್ಧ ಬುಟ್ಟಿಯಲ್ಲಿ, ಅರ್ಧ ತೊಟ್ಟಿಯಲ್ಲಿ ಇದ್ದಾಗಲೇ ಕಾರು ಬಂತು. ಮಗನ ಭುಜ ಹಿಡಿದು ಮಾವನವರು ಒಳಗೆ ಬಂದರು, ಅಷ್ಟು ತಿಂಗಳ ಮೇಲೆ. ನೆಟ್ಟಗೆ ತೊಟ್ಟಿಯ ಮುಂದೆ ಹೋಗಿ ನಿಂತರು.

“ಇವು ನಮ್ ಹೊಲದ ಈರುಳ್ಳಿ ಅಲ್ವಾ?”

“ಹೌದು ಮಾವ.”

“ಆಸ್ಪತ್ರೇಲಿ ಹೇಳಿದ್ದು?”

“ಸುಳ್ಳು ಹೇಳಿದೆ. ತಪ್ಪಾಯ್ತು ಮಾವ.”

ನನಗೆ ಗೊತ್ತಿಲ್ಲದೆಯೇ ನನ್ನ ಕೈಗಳು ಜೋಡಿಕೊಂಡಿದ್ದವು, ಈರುಳ್ಳಿ ಸಿಪ್ಪೆಯ ಸಮೇತ. ಕಾಯಿಲೆಯಿಂದ ಎದ್ದ ಮನುಷ್ಯ ಅಷ್ಟು ದೂರ ಸುತ್ತಿ ಬಂದದ್ದು ನನ್ನ ಮಾತು ನಂಬಿ. ತಲೆ ಎತ್ತಲಾಗಲಿಲ್ಲ. ಅವರು ಮುಂದೆ ಬಂದು ನನ್ನ ಕೈಗಳನ್ನು ಬಿಡಿಸಿ ಕೆಳಗಿಳಿಸಿದರು.

“ಹಿಂಗೆಲ್ಲ ಮಾಡ್ಬ್ಯಾಡಿ. ಅವತ್ತು ನನ್ ತಪ್ಪಿಗೆ ನೀವು ಪರ್ವಾಗಿಲ್ಲ ಬಿಡಿ ಅಂದ್ರಿ, ನಾನ್ ಬಿಡ್ಲಿಲ್ಲ. ಇವತ್ ನೀವ್ ನಿಂತಿರೋದ್ ನೋಡಿದ್ರೆ ನಂಗೆ ಸಂಕ್ಟ ಆಗ್ತದೆ. ಬಿಟ್ಬಿಡಾಣ, ಇಬ್ರೂವೆ.”

ಹೆಂಡತಿ ಕಾಫಿ ಮಾಡಲಾ ಅಪ್ಪಾಜಿ ಎಂದಳು. “ಊಟಾನೇ ಹಾಕವ್ವ, ಆಸ್ಪತ್ರೆ ಗಂಜಿ ಕುಡ್ದು ಸಾಕಾಗದೆ” ಎಂದು, ನಾನು ಕೂರುವುದಕ್ಕೂ ಕಾಯದೆ, ಕುರ್ಚಿ ಎಳೆದು ಕೂತರು. ಆ ರಾತ್ರಿ ನಮ್ಮ ಮನೆಯಲ್ಲೇ ಮಲಗಿದರು.

ಆಮೇಲೆ ಒಂದು ವರ್ಷವೂ ಇರಲಿಲ್ಲ. ಆದರೆ ಇದ್ದಷ್ಟು ದಿನ ಕಡೂರಿಗೆ ಬಂದಾಗಲೆಲ್ಲ ಮನೆಗೆ ಬಂದರು, ಉಂಡರು, ಮೊಮ್ಮಗಳ ಜೊತೆ ಜಗಳವಾಡಿದರು. ಹೊಸ ಬಿಲ್ಲೆ ಎರೆದರು, ಕುಡಿಯುವ ನೀರಿನ ಸ್ಟೀಲ್ ಕೊಡದಲ್ಲೇ ನೆನೆಹಾಕಿ ಅತ್ತೆಯಿಂದ ಬೈಸಿಕೊಂಡರು. ಹೊಸ ತೊಟ್ಟಿಯಲ್ಲಿ ಅವುಗಳ ಮೇಲೆ ಹವಳ ಹಿಡಿಯುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು.

ಹಾಸಿಗೆ ಹಿಡಿದ ಹಿರಿಯರಿಗೆ ಸುಳ್ಳು ಹೇಳಿದೆನಲ್ಲ ಎಂದು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದನ್ನು ಹೇಳದೆ ಇದ್ದಿದ್ದರೆ ಅವರು ಮಗಳ ಮನೆಯ ಹೊಸ್ತಿಲನ್ನು ಮತ್ತೆ ದಾಟದೆಯೇ ಸಾಯುತ್ತಿದ್ದರು.