ಅತ್ತೆಯ ಹೆಗಲೇರಿದ ನಾಗಪ್ಪ

ಅರ್ಚಕರು ಹೆಬ್ಬಾವನ್ನು ಇಟ್ಟದ್ದು ಅತ್ತೆಯ ಹೆಗಲ ಮೇಲೆ, ಕಿರುಚಿದ್ದು ನಾನು. ಪುಣೆಯ ಕೊಂಢವಾದಲ್ಲಿ ಹೋಟೆಲ್ ನಡೆಸುವ ನಾವು ನಾದಿನಿಯನ್ನು ನೋಡಲು ಪಶ್ಚಿಮ ಆಫ್ರಿಕಾದ ಬೆನಿನ್‌ಗೆ ಹೋದಾಗ, ಅಲ್ಲಿನ ಹೆಬ್ಬಾವಿನ ಗುಡಿಯಲ್ಲಿ ನಡೆದದ್ದಿದು. ಬಂದವರೆಲ್ಲ ಹಾವು ಹೊತ್ತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆ ವರ್ಷ ಊರಿನ ನಾಗಬನಕ್ಕೆ ಹೋಗಲಾಗದೆ ಕೊರಗುತ್ತಿದ್ದ ಅತ್ತೆ ಮಾತ್ರ ಕಣ್ಣುಮುಚ್ಚಿ ಕೈಮುಗಿದರು. ಅದನ್ನು ಕಂಡ ಅರ್ಚಕರು ನನ್ನ ಮೊಬೈಲನ್ನು ಮೆಲ್ಲನೆ ತಗ್ಗಿಸಿ, ತಾವೂ ಅವರ ಪಕ್ಕ ಕಣ್ಣುಮುಚ್ಚಿ ನಿಂತರು.

“ಇವ್ರೂ ನಮ್ಮ ಹಾಗೇ ಮಾರಾಯ್ತಿ, ನಾಗನನ್ನು ನಂಬಿದವ್ರು,” ಎಂದ ಅತ್ತೆ, ಪರ್ಸಿನಲ್ಲಿ ಸದಾ ಇರುವ ನಾಗಬನದ ಅರಿಸಿನವನ್ನು ಅರ್ಚಕರ ಅಂಗೈಗಿಟ್ಟರು. ಅವರು ಅದನ್ನು ಹಣೆಗೆ ಹಚ್ಚಿಕೊಂಡರು.

ಫೋಟೊ ಒಂದೂ ಇಲ್ಲ. ಆದರೆ ದಿನಾ ದೀಪ ಹಚ್ಚಿ ಮನೆಯವರ ಹೆಸರು ಹೇಳಿ ಬೇಡಿಕೊಳ್ಳುವ ಅತ್ತೆ, ಈಗ ಕೊನೆಯಲ್ಲಿ ಒಬ್ಬರನ್ನು ಸೇರಿಸುತ್ತಾರೆ: “ಆ ಬೆನಿನ್ನಿನ ಭಟ್ರನ್ನೂ ಚೆನ್ನಾಗಿಡು ದೇವರೇ.”