ಹಾಲಿನ ಡೇರಿಯಲ್ಲಿ ಸಕ್ಕರೆ

ವಕ್ಕಲೇರಿ ಕಡೆಯ ಒಂದು ಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯವರ ತಪಾಸಣೆಯನ್ನು ಹಾಲಿನ ಡೇರಿಯಲ್ಲೇ ಇಡಬೇಕೆಂದು ಯೋಚಿಸಿದವನು ನಾನೇ. ಡಾಕ್ಟರಾದ ನನ್ನ ಬಳಿಗೆ ಜನ ಬರುವುದಿಲ್ಲ, ಡೇರಿಗೆ ಬಂದೇ ಬರುತ್ತಾರೆ. ಅದೂ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಜನಕ್ಕೆ ಗೊಂದಲವಾಗದಿರಲೆಂದು ಕಾರ್ಡನ್ನೂ ಡೇರಿ ಪಾಸ್‌ಬುಕ್ಕಿನಂತೆಯೇ ಮಾಡಿಸಿ, ಆಯಾ ಮನೆಯ ಡೇರಿ ನಂಬರನ್ನೇ ಹಾಕಿಸಿದೆ.

ನಮ್ಮ ಆರೋಗ್ಯ ಕಾರ್ಯಕರ್ತೆ ಕ್ಯಾನುಗಳ ಪಕ್ಕ ಮೇಜು ಹಾಕಿಕೊಂಡು, ನಂಬರು ಕೇಳಿ, ಬೆರಳು ಚುಚ್ಚಿ, ಬಂದದ್ದನ್ನು ಬರೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ನಾನು ಮಾತ್ರೆ ಬರೆಯುತ್ತಿದ್ದೆ.

ಒಬ್ಬ ಅಜ್ಜಿಯ ಸಕ್ಕರೆ ಮೂರೇ ತಿಂಗಳಲ್ಲಿ ಇಳಿದು ಹರೆಯದವರ ಮಟ್ಟಕ್ಕೆ ಬಂತು. ಮಾತ್ರೆಯನ್ನು ಅರ್ಧ ಮಾಡಿದೆ. ಕೋಲಾರದಲ್ಲಿ ನಡೆದ ಸಭೆಯೊಂದರಲ್ಲಿ ಆಕೆಯ ಕಾರ್ಡನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಫೋಟೋ ಒಂದು ಬಾಕಿ ಇತ್ತು. ಅದಕ್ಕಾಗಿ ಆಕೆಯ ಮನೆಗೆ ಹೋದೆ.

ಅಜ್ಜಿ ಜಗುಲಿಯಲ್ಲಿ ಕೂತಿದ್ದಳು. ಎಡಗಾಲಿಗೆ ಹಳೇ ಸೀರೆಯ ಚೂರು ಸುತ್ತಿತ್ತು. ಬಿಚ್ಚಿಸಿದೆ. ಹೆಬ್ಬೆರಳು ಕಪ್ಪಾಗಿತ್ತು. ಅಲ್ಲೇ ರಕ್ತ ತೆಗೆದು ನೋಡಿದರೆ ನಾನೂರ ಹತ್ತು.

"ಹೋದ ತಿಂಗಳು ಡೇರೀಲಿ ತೊಂಬತ್ತೆಂಟು ಇತ್ತಲ್ಲಜ್ಜಿ?" ಎಂದೆ.

"ಅದು ನಂದು ಸಾರ್," ಎಂದಳು ಒಳಗಿಂದ ಬಂದ ಸೊಸೆ. "ಮೊದಲ್ನೇ ಸಲ ಅತ್ತೇನೇ ಬಂದಿದ್ರು. ಆಮೇಲೆ ಮಂಡಿನೋವು, ಅಲ್ಲೀಗಂಟ ನಡೆಯಕ್ಕಾಗಲ್ಲ. ಹಾಲು ಹಾಕಕ್ಕೆ ಹೆಂಗೂ ನಾನೇ ಹೋಗ್ತೀನಿ. ಪಾಸ್‌ಬುಕ್ಕು ಅವ್ರ ಹೆಸರಲ್ಲೈತೆ, ಮನೇಲಿ ಯಾರು ಹಾಕಿದ್ರೂ ಅದ್ರಲ್ಲೇ ಬರ್ಕೊಂತಾರೆ. ಇದೂ ಹಂಗೇ ಅನ್ಕೊಂಡೆ. ಆ ಅಕ್ಕ ಹೆಸರು ಕೇಳ್ಲೇ ಇಲ್ಲ, ನಂಬರ್ ಕೇಳಿದ್ರು."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯುವುದು? ಮೇಜು ಇಡಿಸಿದವನು ನಾನು, ನಂಬರು ಹಾಕಿಸಿದವನು ನಾನು, ಮಾತ್ರೆ ಇಳಿಸಿದವನೂ ನಾನೇ. ಕಾಲು ಕೆಡಿಸುವ ಕಾಯಿಲೆಗೆ ನಡೆದು ಬರಬಲ್ಲವರಿಗಷ್ಟೇ ಆಗುವ ವ್ಯವಸ್ಥೆ ಮಾಡಿದ್ದೆ. ನಾಚಿಕೆಯಾಯಿತು. ಫೋಟೋ ತೆಗೆಯಲಿಲ್ಲ.

ಆ ಮಧ್ಯಾಹ್ನವೇ ಅಜ್ಜಿಯನ್ನು ಕೋಲಾರಕ್ಕೆ ಕರೆದೊಯ್ದೆ. ಪಾದ ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ. ಡೇರಿಯಲ್ಲಿ ಮೇಜು ಈಗಲೂ ಇದೆ. ಈಗ ಹೆಸರು ಕೇಳುತ್ತೇವೆ, ಮುಖ ನೋಡುತ್ತೇವೆ, ಬರಲಾಗದವರ ಮನೆಗೆ ನಾವೇ ಹೋಗುತ್ತೇವೆ.

ಗಾಯ ಮಾಗಿದ ಮೇಲೆ ಅಜ್ಜಿಯ ಮನೆಗೆ ಮೊದಲ ತಪಾಸಣೆಗೆ ಹೋದವನು ನಾನೇ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳಲು ಅವಳು ಬಿಡಲಿಲ್ಲ. ನನ್ನನ್ನು ಕಂಡದ್ದೇ ಕೈ ಚಾಚಿ ಬೆರಳನ್ನು ಮುಂದೆ ಮಾಡಿದಳು.

"ತಗೊಳ್ಳಪ್ಪ," ಎಂದಳು. "ಈ ಸಲ ನಂದೇ."